ಎತ್ತಿದ ಕೈಯಲ್ಲಿ ಏಳದ ಉಗುರು

"ಇನ್ನು ಮುಂದೆ ನೀನು ಕೂರಿಸಿದ ಉಗುರು ಒಂದೇ ಒಂದು ಎದ್ದರೂ ಸರಿ, ನಾನು ಗಮ್ ಮಾರುವುದನ್ನೇ ಬಿಟ್ಟುಬಿಡ್ತೇನೆ" ಎಂದು ಸುಕೇಶ ಘೋಷಿಸಿದ್ದು ಒಂದು ಶುಕ್ರವಾರ ಮಧ್ಯಾಹ್ನ, ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಊಟ ಮುಗಿಸಿ, ತಟ್ಟೆಯನ್ನು ಇದ್ದಲ್ಲೇ ಬಿಟ್ಟು, ಸೋಫಾದ ಮೇಲೆ ಕಾಲು ಚಾಚಿದ ನಂತರ. ಹಿಂದಿನವರು ದೊಡ್ಡ ಪ್ರತಿಜ್ಞೆಗಳನ್ನು ನಿಂತುಕೊಂಡು, ಕೈಯಲ್ಲಿ ನೀರು ಹಿಡಿದು ಮಾಡುತ್ತಿದ್ದರಂತೆ. ಸುಕೇಶನದ್ದು ಒರಗಿಕೊಂಡು, ಕೈಯಲ್ಲಿ ರಿಮೋಟ್ ಹಿಡಿದು ಮಾಡಿದ ಪ್ರತಿಜ್ಞೆ.

ಹಾಗೆ ಹೇಳುವ ಅಧಿಕಾರ ಅವನಿಗಿರಲಿಲ್ಲ ಎನ್ನುವಂತಿಲ್ಲ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಗಮ್ಮಿನ ಸೇಲ್ಸ್ ಅವನದ್ದೇ. ಟೈಲ್ಸ್ ಹಿಡಿಯುವ ಗಮ್, ಗಾಜು ಹಿಡಿಯುವ ಗಮ್, ಮಾರ್ಬಲ್ ಹಿಡಿಯುವ ಗಮ್. ಕುವೈತಿನ ಎತ್ತರದ ಕಟ್ಟಡಗಳು ಕಬ್ಬಿಣ, ಸಿಮೆಂಟುಗಳಿಂದ ನಿಂತಿವೆ ಎಂದು ಲೋಕ ತಪ್ಪು ತಿಳಿದಿದೆ, ನಿಜವಾಗಿ ಅವನ್ನು ಹಿಡಿದುಕೊಂಡಿರುವುದು ತಾನು ಎಂಬುದು ಅವನ ಖಚಿತ ನಂಬಿಕೆ. ಅಂಟಿಸುವುದರಲ್ಲಿ ಸುಕೇಶ ಎತ್ತಿದ ಕೈ ಎಂದು ಸ್ನೇಹಿತರೂ ಒಪ್ಪುತ್ತಿದ್ದರು. ಮಗಳು ಶ್ರಾವಣಿಯ ಶಾಲೆಯ ಶೂ ಅಂಟಿಸಿದ್ದ. ಚಹಾದ ಫ್ಲಾಸ್ಕಿನ ಬಿರುಕಿಗೆ ಗಮ್ ಹಾಕಿದ್ದ. ಬಿರುಕು ಹೋಯಿತು, ಮುಚ್ಚಳ ಮಾತ್ರ ಇವತ್ತಿಗೂ ತೆರೆದಿಲ್ಲ.

ಅವನ ಹೆಂಡತಿ ನವ್ಯಶ್ರೀ ಅವರು ವಾಸವಿದ್ದ ಫರ್ವಾನಿಯಾ ಬಡಾವಣೆಯಲ್ಲೇ, ಮನೆಯಿಂದ ಎರಡು ಬೀದಿ ಆಚೆಯ ಲೇಡೀಸ್ ಸಲೂನಿನಲ್ಲಿ ಉಗುರಿನ ಕೆಲಸ ಮಾಡುತ್ತಿದ್ದಳು. ಬಂದವರ ಸ್ವಂತ ಉಗುರಿನ ಮೇಲೆ ನಕಲಿ ಉಗುರು ಕೂರಿಸಿ, ಜೆಲ್ ಬಳಿದು, ಲ್ಯಾಂಪಿನಡಿ ಗಟ್ಟಿ ಮಾಡಿ, ಬಣ್ಣ ಕೊಟ್ಟು ಕಳಿಸಿದರೆ ಅದು ಮೂರು ವಾರ ಜಪ್ಪಯ್ಯ ಅಂದರೂ ಅಲ್ಲಾಡಬಾರದು. ಆದರೆ ಇತ್ತೀಚೆಗೆ ನಾಲ್ಕೈದು ದಿನಕ್ಕೇ ಉಗುರುಗಳು ಬುಡದಲ್ಲಿ ಸಣ್ಣಗೆ ಏಳತೊಡಗಿದ್ದವು. ಎದ್ದ ಸಂದಿಗೆ ತಲೆಕೂದಲು ಸಿಕ್ಕಿಕೊಳ್ಳುತ್ತದೆ, ಚೂಡಿದಾರದ ನೂಲು ಸಿಕ್ಕಿಕೊಳ್ಳುತ್ತದೆ, ಕೊನೆಗೊಂದು ದಿನ ಉಗುರು ಹೇಳದೆ ಕೇಳದೆ ಹೊರಟುಹೋಗುತ್ತದೆ. ಖಾಯಂ ಗಿರಾಕಿ ಪದ್ಮಮ್ಮನವರ ಉಗುರು ಹಾಗೆ ಹೊರಟುಹೋದದ್ದು ಪಾಯಸದ ಬಟ್ಟಲಿಗೆ. ಅದೂ ಯಾರ ಬಟ್ಟಲು? ಅವರ ಯಜಮಾನರಾದ ಮುನಿಸ್ವಾಮಿಯವರು ತಮ್ಮ ಬ್ಯಾಂಕಿನ ಮೇಲಧಿಕಾರಿಯನ್ನು ಊಟಕ್ಕೆ ಕರೆದಿದ್ದರಲ್ಲ, ಅವರ ಬಟ್ಟಲು. ಬಾದಾಮಿ ಇರಬೇಕೆಂದು ಆ ದೊಡ್ಡ ಮನುಷ್ಯರು ಅದನ್ನು ಎರಡು ಸಲ ಅಗಿದೂ ನೋಡಿದರಂತೆ.

ಈ ಸುದ್ದಿ ಸಲೂನಿಗೆ ಬಂತು. ಸಲೂನ್ ನೋಡಿಕೊಳ್ಳುವ ಸಹಲಾ ಮಂಗಳೂರಿನ ಕಡೆಯವಳೇ. ಮಾತು ಮೆತ್ತಗೆ, ತೀರ್ಮಾನ ಗಟ್ಟಿ. ಈ ತಿಂಗಳೂ ದೂರು ಬಂದರೆ ಉಗುರಿನ ಮೇಜು ಬೇರೆಯವರಿಗೆ, ನೀನು ಮೊದಲಿನ ಹಾಗೆ ಹುಬ್ಬು ತೆಗೆಯುವ ಕುರ್ಚಿಗೆ ಎಂದು ಅವಳು ಸಕ್ಕರೆ ಹಾಕಿ ಹೇಳಿದಳು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ರಜಾದಿನಗಳನ್ನೆಲ್ಲ ಸುರಿದು ಆ ಉಗುರಿನ ಕೋರ್ಸು ಕಲಿತವಳು ನವ್ಯಶ್ರೀ. ಆ ಮೇಜು ಅವಳಿಗೆ ಬರೀ ಮೇಜಲ್ಲ. ಮನೆಗೆ ಬಂದು ಅನ್ನ ಕಲಸುತ್ತಾ ಕಣ್ಣೊರೆಸಿಕೊಂಡಳು. ಆಗಲೇ ಸುಕೇಶನ ಘೋಷಣೆ ಹೊರಬಿದ್ದದ್ದು.

ಅವಳು ಸಮಾಧಾನದಿಂದಲೇ ವಿವರಿಸಿದಳು. ಉಗುರಿನ ಎಣ್ಣೆಪಸೆ ಪೂರ್ತಿ ತೆಗೆಯಬೇಕು. ಬುಡದ ಚರ್ಮವನ್ನು ಹಿಂದೆ ಸರಿಸಬೇಕು, ಜೆಲ್ ಚರ್ಮಕ್ಕೆ ತಾಗಿದರೆ ಅಲ್ಲಿಂದಲೇ ಏಳುತ್ತದೆ. ಲ್ಯಾಂಪಿನಡಿ ಹೊತ್ತು ಕಡಿಮೆಯಾಗಬಾರದು. ತುದಿಯನ್ನು ಮುಚ್ಚಿ ಸೀಲ್ ಮಾಡಬೇಕು. ಇದನ್ನೆಲ್ಲ ತಪ್ಪದೆ ಮಾಡಿಯೂ ಯಾಕೆ ಏಳುತ್ತದೆ ಎಂಬುದೇ ತನಗೆ ತಿಳಿಯುತ್ತಿಲ್ಲ ಎಂದಳು.

ಸುಕೇಶ ನಕ್ಕ. ಇದೆಲ್ಲ ಬರೀ ಶಾಸ್ತ್ರ, ಗಮ್ ಒಂದು ಸರಿಯಿದ್ದರೆ ಚರ್ಮ ಯಾವ ಕಡೆಗಿದ್ದರೂ ನಡೆಯುತ್ತದೆ ಎಂದ. ಸಂಜೆ ಅವಳು ಕೆಲಸಕ್ಕೆ ಮರಳಿದ ಮೇಲೆ ಸ್ಥಳಪರಿಶೀಲನೆಗೆಂದು ಸಲೂನಿಗೂ ಹೊರಟ. ಆದರೆ ಕುವೈತಿನ ಲೇಡೀಸ್ ಸಲೂನಿನ ಪರದೆಯೊಳಗೆ ಗಂಡಸಿನ ನೆರಳೂ ಬೀಳುವಂತಿಲ್ಲ. ಹೊರಗೆ ನಿಂತು, ಒಳಗಿದ್ದ ಹೆಂಡತಿಗೆ ಫೋನಿನಲ್ಲೇ ಮಾರ್ಗದರ್ಶನ ಶುರುಮಾಡಿದ. ಅರ್ಧ ಗಂಟೆಯಲ್ಲಿ ಕಟ್ಟಡದ ಕಾವಲುಗಾರ ಬಂದು, "ಭಾಯಿ, ಚಲೋ" ಎಂದು ಅವನ ವಿಜ್ಞಾನಕ್ಕೆ ದಾರಿ ತೋರಿಸಿದ.

ಮರುದಿನ ಅವನು ಗೋಡೌನಿನಿಂದ ಒಂದು ಟ್ಯೂಬ್ ತಂದ. ಗಾಜನ್ನು ಉಕ್ಕಿಗೆ ಹಿಡಿಸುವ ಗಮ್. ಗೋಡೌನ್ ನೋಡಿಕೊಳ್ಳುವ ರಾಝಿಕ್, "ಸುಕೇಶಣ್ಣ, ಇದು ಹಿಡಿದರೆ ಬಿಡಿಸಲು ಉಳಿ ಬೇಕು" ಎಂದಿದ್ದನ್ನು ಅವನು ಮೆಚ್ಚುಗೆಯೆಂದೇ ಸ್ವೀಕರಿಸಿದ್ದ.

ನವ್ಯಶ್ರೀ ಟ್ಯೂಬನ್ನು ತಿರುಗಿಸಿ ನೋಡಿದಳು. "ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎಂತಕ್ಕೆ ಮಾರಾಯ್ರೆ? ನನ್ನ ಗಿರಾಕಿಗಳ ಕೈ ಮಾರ್ಬಲ್ ಅಲ್ಲ. ಅಷ್ಟು ಧೈರ್ಯ ಉಂಟಾದರೆ ನಿಮ್ಮ ಕೈಗೇ ಹಾಕಿ ನೋಡಿ."

ಗಂಡಸು ಮಾತಿಗೆ ಸಿಕ್ಕಿಬಿದ್ದ. ಕರಾರು ಹೀಗಾಯಿತು: ಎಡಗೈಯ ಐದು ಬೆರಳಿಗೆ ಅವನ ಗಮ್, ಬಲಗೈಯ ಐದಕ್ಕೆ ಅವಳ ಮಾಮೂಲು ಸಾಮಾನು. ಯಾವುದು ಮೊದಲು ಏಳುತ್ತದೋ ಅದು ಸೋತ ಹಾಗೆ. ಕಿರುಬೆರಳು ಒಂದೊಂದು ಸಾಕಲ್ಲವೇ ಎಂದು ಅವನು ಚೌಕಾಸಿ ಮಾಡಿದ. ಪದ್ಮಮ್ಮನವರಿಗೆ ಬೆರಳು ಹತ್ತಿವೆ ಎಂದಳು ಅವಳು. ಮನೆಯಲ್ಲಿ ಅಭ್ಯಾಸಕ್ಕೆಂದು ಇಟ್ಟಿದ್ದ ಉಗುರಿನ ಪೆಟ್ಟಿಗೆ ತೆರೆದರೆ ಅದರಲ್ಲಿದ್ದದ್ದು ಒಂದೇ ಬಣ್ಣ. ಗುಲಾಬಿ, ಮೇಲಿಂದ ಮಿನುಗು.

ಬಲಗೈಯನ್ನು ಅವಳು ಉಜ್ಜಿ, ಒರೆಸಿ, ಲ್ಯಾಂಪಿನಡಿ ಇಟ್ಟು ಶ್ರದ್ಧೆಯಿಂದ ಮುಗಿಸಿದಳು. ಎಡಗೈಯನ್ನು ಅವನು ತಾನೇ ಮಾಡಿಕೊಂಡ. ಐದನೆಯ ಉಗುರು ಕೂರುವಷ್ಟರಲ್ಲಿ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಅಂಟಿಹೋದವು. ಆ ಸಂಜೆಯೆಲ್ಲ ಅವನು ಚಿನ್ಮುದ್ರೆಯಲ್ಲೇ ಕುಳಿತಿದ್ದ. ನೋಡಿದವರಿಗೆ ಮಹಾ ಯೋಗಿಯೊಬ್ಬ ಟಿವಿ ಮುಂದೆ ತಪಸ್ಸಿಗೆ ಕೂತ ಹಾಗಿತ್ತು. ನವ್ಯಶ್ರೀ ಉಗುರುಬಣ್ಣ ಅಳಿಸುವ ಅಸಿಟೋನನ್ನು ಹನಿಹನಿಯಾಗಿ ಬಿಟ್ಟು, ಉಗುರಿಗೆ ತಾಗದ ಹಾಗೆ ಬೆರಳು ಬಿಡಿಸಿದಳು. ಇದೇ ನೋಡು ಗಮ್ಮಿನ ತಾಕತ್ತು ಎಂದ ಸುಕೇಶ, ಬೆರಳು ಊದಿಕೊಳ್ಳುತ್ತಾ.

ಅವನ ಲೆಕ್ಕಾಚಾರ ಬೇರೆಯೇ ಇತ್ತು. ಹೆಂಡತಿಯ ಉಗುರುಗಳು ವಾರದ ರಜೆ ಮುಗಿಯುವುದರೊಳಗೇ ಏಳುತ್ತವೆ, ತಾನು ಗೆದ್ದು, ಎಲ್ಲ ಕಿತ್ತು, ಕೆಲಸಕ್ಕೆ ಹೋಗುವಾಗ ಶುದ್ಧ ಗಂಡಸಿನ ಕೈಯಲ್ಲಿ ಹೋಗುವುದು ಎಂದುಕೊಂಡಿದ್ದ. ರಜೆ ಮುಗಿಯಿತು. ಒಂದು ಉಗುರೂ ಏಳಲಿಲ್ಲ. ತೆಗೆಸಿಕೊಂಡರೆ ಸೋಲು ಒಪ್ಪಿದ ಹಾಗೆ. ಗೋಡೌನಿನ ದಪ್ಪ ಗ್ಲೌಸ್ ಹಾಕಿಕೊಂಡು ಆಫೀಸಿಗೆ ಹೋದ.

ಮ್ಯಾನೇಜರ್ ಬರ್ನಾರ್ಡ್ ಕೇಳಿದ್ದಕ್ಕೆ ಚರ್ಮದ ಅಲರ್ಜಿ ಎಂದ. ಕೀಬೋರ್ಡಿನಲ್ಲಿ ಒಂದು ಅಕ್ಷರ ಒತ್ತಿದರೆ ನಾಲ್ಕು ಬೀಳುತ್ತಿದ್ದವು. ಆ ದಿನ ಅವನು ಕಳಿಸಿದ ಇಮೇಲುಗಳನ್ನು ಓದಿದವರು ಅಲರ್ಜಿ ಮಿದುಳಿಗೂ ಏರಿದೆ ಎಂದುಕೊಂಡರು. ಊಟದ ಹೊತ್ತಿಗೆ ಗ್ಲೌಸ್ ತೆಗೆದಾಗ ರಾಝಿಕ್ ಒಬ್ಬನೇ ನೋಡಿದ. ನೋಡಿ, ತನ್ನ ಖುಬ್ಬೂಸ್ ರೊಟ್ಟಿಯ ಚೂರು ಮುರಿದು, ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದ.

ಆದರೆ ಗ್ರಹಚಾರ ಬರುವಾಗ ಅಪಾಯಿಂಟ್‌ಮೆಂಟ್ ತಗೊಂಡೇ ಬರುತ್ತದೆ. ಮರುದಿನ ದೊಡ್ಡ ಕಟ್ಟಡವೊಂದರ ಗಾಜಿನ ಕೆಲಸಕ್ಕೆ ಗಮ್ ಆರಿಸಲು ಒಬ್ಬ ಕುವೈತಿ ಎಂಜಿನಿಯರ್ ಬಂದರು. ಡೆಮೊ ಕೊಡುವುದು ಯಾವತ್ತೂ ಸುಕೇಶನೇ. ಎಂಜಿನಿಯರ್ ಕೈ ಚಾಚಿದರು. ಗ್ಲೌಸಿನ ಕೈಯಲ್ಲಿ ಕೈಕುಲುಕುವುದು ಅವಮರ್ಯಾದೆ. ಬರ್ನಾರ್ಡ್ ಕಣ್ಣು ಬಿಟ್ಟರು. ಸುಕೇಶ ಗ್ಲೌಸ್ ತೆಗೆದ.

ಶೋರೂಮಿನ ಲೈಟಿನಡಿ ಐದು ಗುಲಾಬಿ ಉಗುರುಗಳು ಫಳಫಳ ಮಿನುಗಿದವು. ಎಂಜಿನಿಯರ್ ಚಾಚಿದ ಕೈ ಅರ್ಧದಲ್ಲೇ ನಿಂತಿತು. ಆದರೆ ಇಪ್ಪತ್ತು ವರ್ಷ ಮಾರಾಟ ಮಾಡಿದ ನಾಲಗೆ ಸುಮ್ಮನಿರುತ್ತದೆಯೇ? ಎರಡನೆಯ ಗ್ಲೌಸನ್ನೂ ತೆಗೆದು, ಇದೇ ಸಾರ್ ನಮ್ಮ ಹೊಸ ಡೆಮೊ ಎಂದ ಸುಕೇಶ. ಎಡಗೈ ಮುಂದೆ ಮಾಡಿ, ಎಳೆದು ನೋಡಿ ಎಂದ. ಎಂಜಿನಿಯರ್ ಎಳೆದರು. ಸುಕೇಶನೇ ಕುರ್ಚಿಯಿಂದ ಎದ್ದುಬಂದ, ಉಗುರು ಏಳಲಿಲ್ಲ. ಮೆಚ್ಚಿ ತಲೆದೂಗಿದ ಎಂಜಿನಿಯರ್, ಕೇಳದೇನೇ ಬಲಗೈಯನ್ನೂ ಹಿಡಿದು ಎಳೆದರು. ಅದೂ ಏಳಲಿಲ್ಲ.

"ಇದೂ ನಿಮ್ಮದೇ ಗಮ್ಮಾ?"

ಸುಳ್ಳು ಹೇಳಬಹುದಿತ್ತು. ಆದರೆ ಬೆರಳು ಎಳೆದ ನೋವಿನಲ್ಲಿ ಸತ್ಯ ಬಾಯಿಗೆ ಬಂತು. ಅಲ್ಲ ಸಾರ್, ನನ್ನ ಹೆಂಡತಿಯದ್ದು, ಸಲೂನಿನದ್ದು ಎಂದ.

ಹಾಗಾದರೆ ಅದನ್ನೇ ಕೊಡಬಾರದೇ, ಬಣ್ಣವೂ ಬರುತ್ತದಲ್ಲ ಎಂದು ಎಂಜಿನಿಯರ್ ಹೊಟ್ಟೆ ಹಿಡಿದು ನಕ್ಕರು. ಹೋಗುವಾಗ ಗಮ್ಮಿನ ಸ್ಯಾಂಪಲ್ ಮೇಜಿನ ಮೇಲೆಯೇ ಉಳಿಯಿತು. ತಂಗಿಯರಿಗೆ ಬೇಕೆಂದು ಅವರು ಕೇಳಿ ಬರೆದುಕೊಂಡದ್ದು ನವ್ಯಶ್ರೀಯ ಸಲೂನಿನ ವಿಳಾಸವನ್ನು. ಬರ್ನಾರ್ಡ್ ಬಾಗಿಲವರೆಗೆ ಅವರನ್ನು ಬಿಟ್ಟು ಬಂದು, "ಸುಕೇಶ್, ಮುಂದಿನ ಡೆಮೊಗೆ ನವ್ಯಶ್ರೀಯವರನ್ನು ಕಳಿಸಲಿಕ್ಕೆ ಆಗ್ತದಾ ನೋಡು" ಎಂದರು. ನಗದೆ ಹೇಳಿದ್ದರಿಂದ ಅದು ಹೆಚ್ಚು ನಾಟಿತು.

ಹೇಳಿದ ಹಾಗೆ ಎಂಜಿನಿಯರರ ತಂಗಿಯರು ಸಲೂನಿಗೆ ಬಂದರು. ಒಬ್ಬಿಬ್ಬರಲ್ಲ, ಚಿಕ್ಕಮ್ಮನ ಮಕ್ಕಳನ್ನೂ ಕರೆದುಕೊಂಡು ಬಂದರು. ಸಹಲಾ ಚಹಾ ತರಿಸಿದಳು. ನವ್ಯಶ್ರೀಗೆ ಮಾತ್ರ ಒಂದೇ ಚಿಂತೆ. ಇವರ ಉಗುರೂ ನಾಲ್ಕು ದಿನಕ್ಕೆ ಎದ್ದರೆ ಹುಬ್ಬಿನ ಕುರ್ಚಿಯೂ ಇಲ್ಲ, ನೇರ ಮಂಗಳೂರಿನ ವಿಮಾನ. ಆದರೆ ವಾರ ಕಳೆಯಿತು, ಎರಡು ವಾರ ಕಳೆಯಿತು, ದೂರು ಬರಲಿಲ್ಲ. ಇತ್ತ ಪದ್ಮಮ್ಮನವರಿಗೆ ಹೊಸದಾಗಿ ಕೂರಿಸಿದ್ದು ಐದನೆಯ ದಿನಕ್ಕೆ ಮತ್ತೆ ಎದ್ದಿತು. ಮನೆಯಲ್ಲಿ ಸುಕೇಶನ ಹತ್ತೂ ಉಗುರುಗಳು ಕೂರಿಸಿದಂದಿನಂತೆಯೇ ನಗುತ್ತಿದ್ದವು.

ಎಡಗೈ ನನ್ನದಾದ್ದರಿಂದ ಗಟ್ಟಿ, ಬಲಗೈ ನನ್ನ ಮೈಯಲ್ಲೇ ಇರುವುದರಿಂದ ಅದೂ ಗಟ್ಟಿ ಎಂದು ಸುಕೇಶ ಬೀಗುತ್ತಿದ್ದ.  ಆದರೆ ನವ್ಯಶ್ರೀ ಸದಾ ಅವನ ಕೈಯನ್ನೇ ನೋಡುತ್ತಿರುತ್ತಾಳೆ ಎಂಬುದು ಅವನ ಗಮನಕ್ಕೆ ಬಂತು. ತಿನ್ನುವಾಗ ನೋಡುತ್ತಾಳೆ. ರಿಮೋಟ್ ಒತ್ತುವಾಗ ನೋಡುತ್ತಾಳೆ. ಉಂಡೆದ್ದು, ಕೈ ತೊಳೆದು, ತಟ್ಟೆ ಬಿಟ್ಟು ಹೊರಡುವಾಗಲಂತೂ ಕಣ್ಣೆವೆ ಹಾಕದೆ ನೋಡುತ್ತಾಳೆ. ಮದುವೆಯಾದ ಹೊಸದರಲ್ಲೂ ಹೀಗೆ ನೋಡಿದವಳಲ್ಲ. ಗುಲಾಬಿ ಬಣ್ಣ ತನಗೆ ಒಪ್ಪುತ್ತಿರಬಹುದೇ ಎಂದು ಅವನು ಒಮ್ಮೆ ಕನ್ನಡಿಯ ಮುಂದೆ ಕೈ ಎತ್ತಿ ನೋಡಿಕೊಂಡ.

ಮುಂದಿನ ಶುಕ್ರವಾರ ಪದ್ಮಮ್ಮ ಎದ್ದ ಉಗುರು ತೋರಿಸಲು ನೇರ ಮನೆಗೇ ಬಂದರು. ಗ್ಲೌಸ್ ಹಾಕಿಕೊಂಡೇ ಪಾತ್ರೆ ತೊಳೆಯಬೇಕೆಂದು ನವ್ಯಶ್ರೀ ಹೇಳಿದ್ದು ನೆನಪಿದೆಯಂತೆ. "ಪಾತ್ರೆಗೇನೋ ಹಾಕ್ಕೋತೀನಿ ಕಣಮ್ಮ. ಗ್ಲೌಸ್ ಹಾಕ್ಕೊಂಡು ಮುದ್ದೆ ಕಟ್ಟಕ್ಕಾಯ್ತದಾ? ನಮ್ಮನೆಯವರಿಗೆ ದಿನಾ ಮುದ್ದೆ ಆಗಬೇಕು." ಹೇಳುತ್ತಾ ಅವರ ಕಣ್ಣು ಸುಕೇಶನ ಕೈ ಮೇಲೆ ಬಿತ್ತು. ಅಯ್ಯೋ, ಇವರದ್ದು ಎಷ್ಟು ಚೆನ್ನಾಗಿ ನಿಂತಿದೆ, ನನಗೆ ಮಾತ್ರ ಯಾಕಮ್ಮ ಹೀಗೆ ಎಂದರು.

ಸುಕೇಶ ಗಮ್ಮಿನ ಗುಣಗಾನಕ್ಕೆ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ನವ್ಯಶ್ರೀ ಬಾಯಿ ತೆರೆದಳು.

"ನಾನೂ ಇದನ್ನೇ ಯೋಚನೆ ಮಾಡಿದೆ ಅಕ್ಕ. ಆ ಕುವೈತಿ ಹುಡುಗಿಯರದ್ದು ಏಳಲಿಲ್ಲ, ಅವರ ಮನೆಯಲ್ಲಿ ಕೆಲಸದವರಿದ್ದಾರೆ. ಇವರದ್ದು ಏಳಲಿಲ್ಲ, ಇವರ ಮನೆಯಲ್ಲಿ ನಾನಿದ್ದೇನೆ."

ಪದ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಸುಕೇಶನಿಗೆ ಕಿವಿಯ ತನಕ ಬಿಸಿಯಾಯಿತು. ಬರ್ನಾರ್ಡರ ಮಾತನ್ನಾದರೂ ತಡೆದುಕೊಳ್ಳಬಹುದು, ಇದು ಗಿರಾಕಿಯ ಎದುರು ಬಂದ ಮಾತು. ಅವನು ಎದ್ದು ನಿಂತ. ಈ ಸಲದ ಪ್ರತಿಜ್ಞೆಯನ್ನು ನಿಂತೇ ಮಾಡಿದ. ಒಂದು ವಾರ ಅಡುಗೆಮನೆ ತನ್ನದು. ಪಾತ್ರೆ, ಮೀನು, ತೆಂಗಿನಕಾಯಿ, ದೋಸೆಹಿಟ್ಟು ಎಲ್ಲವೂ ತನ್ನದು. ಹತ್ತರಲ್ಲಿ ಒಂದು ಉಗುರು ಎದ್ದರೂ ಕೇಳಿ ಎಂದ. ನವ್ಯಶ್ರೀ ಗ್ಲೌಸ್ ಕೊಡಲು ಹೋದರೆ, ಗಂಡಸಿಗೆ ಅದೆಲ್ಲ ಎಂತಕ್ಕೆ ಎಂದು ತಳ್ಳಿದ.

ಮೊದಲ ಸಂಜೆಯೇ ಅವನು ನಾನ್‌ಸ್ಟಿಕ್ ತವೆಯನ್ನು ಸ್ಟೀಲಿನ ಸ್ಕ್ರಬ್ಬರಿನಿಂದ ತಿಕ್ಕಿ ತಿಕ್ಕಿ ಬರೀ ಸ್ಟಿಕ್ ತವೆ ಮಾಡಿದ. ಎರಡನೆಯ ದಿನ ಬೂತಾಯಿ ಮೀನಿನ ಹುರುಪೆ ತೆಗೆದ. ಹುರುಪೆ ಮೀನಿನಿಂದ ಬಂದು ಉಗುರಿನ ಸಂದಿಯಲ್ಲಿ ಸೇರಿತು. ಸಂದಿ ಎಲ್ಲಿಂದ ಬಂತು ಎಂದು ನೋಡಿದರೆ ಎಡಗೈಯ ಕಿರುಬೆರಳಿನ ಉಗುರು ಬುಡದಲ್ಲಿ ಎದ್ದು ಕೂತಿತ್ತು. ಗಾಬರಿಯಲ್ಲಿ ತಲೆ ಕೆರೆದುಕೊಂಡ. ಎದ್ದ ಸಂದಿಗೆ ಕೂದಲು ಸಿಕ್ಕಿಕೊಂಡಿತು. ಅವನ ತಲೆಯಲ್ಲಿ ಕಳೆದುಕೊಳ್ಳುವಷ್ಟು ಕೂದಲಿರಲಿಲ್ಲ, ಆದರೂ ನಾಲ್ಕು ಹೋದವು. ಮೂರನೆಯ ದಿನ ತೆಂಗಿನಕಾಯಿ ತುರಿಯುವಾಗ ಇನ್ನೆರಡು ಎದ್ದವು, ಕಡಲೆಹಿಟ್ಟಿನ ಡಬ್ಬದ ಮುಚ್ಚಳ ಮೀಟುವಾಗ ಮತ್ತೊಂದು. ಗಾಜನ್ನು ಉಕ್ಕಿಗೆ ಹಿಡಿಸುವ ಗಮ್ಮು ಸಿಂಕಿನ ಬಿಸಿನೀರಿಗೂ ವಿಮ್ಮಿನ ನೊರೆಗೂ ಕೈಮುಗಿದಿತ್ತು. ಬಲಗೈಯಲ್ಲಿ ಮೂರು ಎದ್ದಿದ್ದವು, ಎರಡು ಇನ್ನೂ ಹಟ ಹಿಡಿದು ಕೂತಿದ್ದವು. ಹೆಂಡತಿಯ ಕೈಕೆಲಸ ಎಂದು ಒಪ್ಪಲು ಅವನಿಗೆ ಮನಸ್ಸಾಗದಿದ್ದರೂ ಕಣ್ಣಿಗೆ ಕಾಣುತ್ತಿತ್ತಲ್ಲ.

ಎಡಗೈಯ ಹೆಬ್ಬೆರಳಿನದ್ದು ಮಾತ್ರ ಯಾವಾಗ ಹೋಯಿತೆಂದು ಗೊತ್ತಾಗಲಿಲ್ಲ. ಗೊತ್ತಾದದ್ದು ಬೆಳಿಗ್ಗೆ ನೀರ್‌ದೋಸೆ ತಿನ್ನುತ್ತಿದ್ದ ಶ್ರಾವಣಿಗೆ. "ಪಪ್ಪಾ," ಎಂದಳು ಅವಳು ತಟ್ಟೆ ಮುಂದೆ ತಳ್ಳಿ, "ದೇರ್ ಈಸ್ ಅ ಫಿಂಗರ್ ಇನ್ ಮೈ ದೋಸಾ."

ಸುಕೇಶ ಅದನ್ನು ಎತ್ತಿ ತೊಳೆದು ಜೇಬಿಗೆ ಹಾಕಿಕೊಂಡ. ಆ ದಿನ ಅವನು ಗಮ್ಮಿನ ಬಗ್ಗೆ ಯಾರೊಂದಿಗೂ ಮಾತಾಡಲಿಲ್ಲ. ಸಿಂಕಿನ ಮುಂದೆ ನಿಂತಾಗ ಮಾತ್ರ ಒಂದು ವಿಷಯ ಅವನ ತಲೆಗೆ ಬಂತು. ಸಲೂನಿನಿಂದ ದಣಿದು ಬಂದವಳು ದಿನಾ ಇಲ್ಲೇ ನಿಲ್ಲುತ್ತಿದ್ದಳು. ತಾನು ಸೋಫಾದಲ್ಲಿ ಕೂತು, ಆ ಪಾತ್ರೆಯ ಸದ್ದಿಗೆ ಟಿವಿಯ ವಾಲ್ಯೂಮ್ ಹೆಚ್ಚು ಮಾಡುತ್ತಿದ್ದ.

ಇತ್ತ ನವ್ಯಶ್ರೀ ಸಹಲಾಳ ಎದುರು ಕೂತು ಎಲ್ಲ ಹೇಳಿದಳು. ಸಲೂನಿನಲ್ಲಿ ಹೊಸ ಕಟ್ಟಳೆ ಬಂತು. ಉಗುರು ಕೂರಿಸಿಕೊಂಡ ಪ್ರತಿಯೊಬ್ಬರಿಗೂ ಒಂದು ಜೊತೆ ಗ್ಲೌಸು, ಜೊತೆಗೆ ಮನೆಯ ಗಂಡಸರಿಗೆ ಹೇಳಬೇಕಾದ ಒಂದು ಮಾತು. ಮೊದಲ ಪ್ರಯೋಗ ಪದ್ಮಮ್ಮನವರ ಮೇಲೆಯೇ ನಡೆಯಿತು. ಮೂರು ವಾರ ಕಳೆದು ಬಂದಾಗ ಅವರ ಒಂದು ಉಗುರೂ ಎದ್ದಿರಲಿಲ್ಲ. ಅಷ್ಟೇ ಅಲ್ಲ, ಬರುವಾಗ ಮೂವರು ಗೆಳತಿಯರನ್ನೂ ಕರೆತಂದಿದ್ದರು. ಸಹಲಾ ಉಗುರಿನ ಮೇಜಿಗೆ ಎರಡನೆಯ ಲ್ಯಾಂಪ್ ತರಿಸಿಕೊಟ್ಟಳು.

ಆ ಹೊತ್ತಿಗೆ ಸುಕೇಶನ ಕೈಯಲ್ಲಿ ಉಳಿದ ಉಗುರುಗಳನ್ನು ಅಸಿಟೋನಿನಲ್ಲಿ ನೆನೆಸಿ ತೆಗೆದು ಬಹಳ ದಿನಗಳಾಗಿದ್ದವು. ಒಂದು ವಾರದ ಮಾತು ಯಾವಾಗ ತಿಂಗಳಾಯಿತೆಂದು ಅವನಿಗೂ ನೆನಪಿರಲಿಲ್ಲ. ಆ ಶುಕ್ರವಾರ ಊಟ ಮುಗಿಸಿ, ಇವತ್ತಿಗೆ ಋಣ ತೀರಿತು ಎಂದು ಸೋಫಾದ ಮೇಲೆ ಕಾಲು ಚಾಚಿದ. ನವ್ಯಶ್ರೀ ಬಂದು ಎದುರು ಎರಡೂ ಕೈ ಹರಡಿದಳು. ಮುತ್ತಿನ ಬಣ್ಣದ ಹತ್ತು ಹೊಸ ಉಗುರುಗಳು.

"ಇಷ್ಟು ವರ್ಷ ಊರಿಗೆಲ್ಲ ಹಾಕಿದೆ. ಪಾತ್ರೆಗೆ ಹೆದರಿ ನಾನೇ ಹಾಕಿಕೊಂಡಿರಲಿಲ್ಲ" ಎಂದಳು. "ಹೇಗುಂಟು?"

ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಸುಕೇಶ ಅದನ್ನು ಮನಸಾರೆ ಹೇಳಿದ. ಹೇಳಿದ ಮೇಲೆಯೇ ಅವನಿಗೆ ಅಡುಗೆಮನೆಯ ಕಡೆ ನೋಡಬೇಕೆನಿಸಿತು. ಮೆಲ್ಲಗೆ, "ಗ್ಲೌಸ್ ಉಂಟಲ್ಲ?" ಎಂದ.

"ಉಂಟು. ನಿಮ್ಮ ಅಳತೆಯದ್ದೇ ತಂದಿದ್ದೇನೆ."

ಅವನು ಸಿಂಕಿನ ಮುಂದೆ ನಿಂತು ಅರ್ಧ ಪಾತ್ರೆ ಮುಗಿಸುವಷ್ಟರಲ್ಲಿ ಫೋನ್ ಬಂತು. ಮುನಿಸ್ವಾಮಿಯವರು. ಬ್ಯಾಂಕಿನಲ್ಲಿ ಗಟ್ಟಿಯಾಗಿ ಮಾತಾಡುವ ಮನುಷ್ಯ ಇವತ್ತು ಯಾಕೋ ಪಿಸುಗುಡುತ್ತಿದ್ದರು. ಅಂಟಿನ ವಿಷಯದಲ್ಲಿ ಇಡೀ ಕುವೈತಿನಲ್ಲಿ ನಿಮಗಿಂತ ತಿಳಿದವರಿಲ್ಲವಂತೆ, ನಮ್ಮನೆಯವರು ಹೇಳಿದರು ಎಂದರು. ಸುಕೇಶನ ಎದೆ ಎಷ್ಟೋ ದಿನಗಳ ಮೇಲೆ ಒಂದಂಗುಲ ಉಬ್ಬಿತು.

"ಹೇಳಿ ಸಾರ್, ಎಂತ ಅಂಟಿಸಬೇಕು?"

"ಅಂಟಿಸೋದಲ್ಲ ಸುಕೇಶ್. ಮುದ್ದೆ ಪಾತ್ರೆ ತಳ ಹಿಡಿದುಬಿಟ್ಟಿದೆ. ಬಿಡಿಸೋದು ಹೇಗೆ?"

ಸುಕೇಶ ನಲ್ಲಿ ನಿಲ್ಲಿಸಿದ. ಸೋಫಾದ ಕಡೆ ಒಮ್ಮೆ ನೋಡಿ, ತಾನೂ ದನಿ ತಗ್ಗಿಸಿದ.

"ಬಿಸಿನೀರು ಹಾಕಿ ಸ್ವಲ್ಪ ಹೊತ್ತು ನೆನೆಯಲು ಬಿಡಿ ಸಾರ್. ಉಗುರಲ್ಲಿ ಮಾತ್ರ ಕೆರೆಯಲಿಕ್ಕೆ ಹೋಗಬೇಡಿ."